ಬುತ್ತಿ ಕಟ್ಟಿಕೊಂಡು ನಡುಗಡ್ಡೆಗೆ

ಕಳೆದ ತಿಂಗಳು ಮಂಡ್ಯದ ಸೋದರಿಯೊಬ್ಬರು ನಮಗೊಂದು ಕಾಗದವನ್ನು ಬರೆದಿದ್ದರು. ಅವರ ನೆರೆಮನೆಯವರು ಬೇಸಗೆಯ ರಜೆಯಲ್ಲಿ ಬಾಲಿ ದ್ವೀಪಕ್ಕೆ ಹೋಗಿಬಂದರಂತೆ. ನೆಲಕ್ಕೂ ನೀರಿಗೂ ಕೇಡಾಗದಂತೆ ಪ್ರವಾಸ ಮಾಡುವುದನ್ನು ಅಲ್ಲಿ ಕಲಿತೆವೆಂದು ಬಹಳವಾಗಿ ಹೇಳಿಕೊಂಡರಂತೆ. “ನಮ್ಮಂತಹ ಸಂಸಾರಿಗಳಿಗೆ ಸಮುದ್ರವನ್ನು ದಾಟುವ ಅನುಕೂಲವೆಲ್ಲಿ? ಆದರೂ ದ್ವೀಪವೆಂದರೆ ಏನೆಂಬುದನ್ನು ಮಕ್ಕಳಿಗೆ ಒಮ್ಮೆ ತೋರಿಸಬೇಕೆಂದು ಆಸೆ. ದಾರಿಯನ್ನು ತಿಳಿಸುವಿರಾ?” ಎಂಬುದು ಅವರ ಪ್ರಶ್ನೆ.

ಇದನ್ನೋದಿ ನಾವು ಮುಗುಳ್ನಕ್ಕೆವೆಂದರೆ ಸೋದರಿಯವರು ಕೋಪಿಸಿಕೊಳ್ಳಬಾರದು. ಕಾವೇರಿಯ ಮಡಿಲಿನಲ್ಲಿ ವಾಸಿಸುವವರು ದ್ವೀಪವನ್ನು ಕಾಣುವುದಕ್ಕೆ ಸಮುದ್ರವನ್ನೇಕೆ ದಾಟಬೇಕು? ಈ ನದಿಯು ತನ್ನ ದಾರಿಯಲ್ಲಿ ಮೂರೆಡೆ ಕವಲೊಡೆದು ರಂಗನಾಥನಿಗೆ ನೆಲೆಯನ್ನು ಮಾಡಿಕೊಟ್ಟಿದೆಯೆಂದು ಆಸ್ತಿಕರು ಎಣಿಸುವರು. ಶ್ರೀರಂಗಪಟ್ಟಣವು ಆದಿರಂಗ, ಶಿವನಸಮುದ್ರವು ಮಧ್ಯರಂಗ, ತಮಿಳುನಾಡಿನ ಶ್ರೀರಂಗವು ಅಂತ್ಯರಂಗ. ಮೊದಲನೆಯದು ಮಂಡ್ಯ ಜಿಲ್ಲೆಯಲ್ಲಿಯೇ ಇರುವುದು. ಎರಡನೆಯದು ಮಳವಳ್ಳಿ ತಾಲ್ಲೂಕಿನ ಅಂಚಿಗೆ ತಾಗಿಕೊಂಡು, ಲೆಕ್ಕಪತ್ರದಲ್ಲಿ ಮಾತ್ರ ಕೊಳ್ಳೇಗಾಲಕ್ಕೆ ಸೇರಿರುವುದು. ಉಪ್ಪುನೀರಿಲ್ಲವೆಂಬುದೊಂದನ್ನು ಬಿಟ್ಟರೆ ದ್ವೀಪಕ್ಕೆ ಬೇಕಾದುದೆಲ್ಲವೂ ಅಲ್ಲಿ ಉಂಟು.

ಕೇಡಾಗದಂತೆ ಪ್ರವಾಸ ಮಾಡಬೇಕೆಂಬ ಮಾತು ಈಚೆಗೆ ಲೋಕದಲ್ಲೆಲ್ಲ ಹಬ್ಬಿರುವುದು ಸುಮ್ಮನೆ ಅಲ್ಲ. ಫಿಲಿಪ್ಪೀನ್ಸ್ ದೇಶದ ಬೊರಾಕೈ ಎಂಬ ಚಿಕ್ಕ ದ್ವೀಪವು ಪ್ರವಾಸಿಗಳ ದಟ್ಟಣೆಯಿಂದಲೂ ಕೊಳಚೆಯಿಂದಲೂ ಎಷ್ಟು ಕೆಟ್ಟಿತೆಂದರೆ, 2018ರಲ್ಲಿ ಅಲ್ಲಿಯ ಸರಕಾರವು ಅದನ್ನು ಆರು ತಿಂಗಳ ಕಾಲ ಹೊರಗಿನವರಿಗೆ ಮುಚ್ಚಿ ಚೊಕ್ಕಟ ಮಾಡಿಸಬೇಕಾಯಿತು. ಬಾಲಿಯಲ್ಲಿಯೂ 2024ರಿಂದ ಪರದೇಶದ ಪ್ರವಾಸಿಗಳ ಮೇಲೆ ತೆರಿಗೆಯನ್ನು ವಿಧಿಸಿದ್ದಾರೆ. ನಡುಗಡ್ಡೆಯು ಮನೆಯ ಅಂಗಳದಂತಲ್ಲ. ನಾವು ಬಿಟ್ಟುಬಂದ ಕಸವು ಅಲ್ಲಿಯೇ ಬಿದ್ದಿರಬೇಕು, ಇಲ್ಲವೇ ಹೊಳೆಗೆ ಇಳಿಯಬೇಕು, ಮೂರನೆಯ ದಾರಿಯಿಲ್ಲ.

ಇನ್ನು ಪ್ರಯಾಣದ ಮಾತು. ಸ್ವಂತ ಮೋಟಾರನ್ನು ಮನೆಯಲ್ಲಿಯೇ ಬಿಡಬಹುದೆಂಬುದು ನಮ್ಮ ಅಭಿಪ್ರಾಯ. ಬೆಂಗಳೂರಿನವರಿಗೂ ಮೈಸೂರಿನವರಿಗೂ ಮದ್ದೂರಿನವರೆಗೆ ರೈಲುಂಟು. ಮದ್ದೂರಿಗೆ ಹೋಗಿ ವಡೆಯನ್ನು ತಿನ್ನದೆ ಬಂದವರನ್ನು ನಾವಿನ್ನೂ ಕಂಡಿಲ್ಲ. ಡಬ್ಬಿಯನ್ನು ಕೈಯಲ್ಲಿಯೇ ಹಿಡಿದುಕೊಂಡು ಹೋದರೆ ಅದರಲ್ಲಿಯೇ ಹಾಕಿಸಿಕೊಂಡು ಬರಬಹುದು. ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಎರಡು ಪಕ್ಕಗಳಲ್ಲಿಯೂ ಕಬ್ಬಿನ ಗದ್ದೆಗಳು. ಆಲೆಮನೆಯು ನಡೆಯುವ ಕಾಲವಾದರೆ ಬೆಲ್ಲದ ಪಾಕದ ಪರಿಮಳವು ಬಸ್ಸಿನೊಳಗೂ ಬರುವುದು. ಮರಳುವಾಗ ಎರಡು ಅಚ್ಚು ಬೆಲ್ಲವನ್ನು ಅಲ್ಲಿಯೇ ಕೊಳ್ಳಿರಿ. ಯಾತ್ರಿಕರ ಹಣವು ದಾರಿಯ ಊರಿನಲ್ಲಿ ಉಳಿಯುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯವನ್ನು ನಾವು ಕಾಣೆವು. ಮಳವಳ್ಳಿಯಿಂದ ಮುಂದೆ ಕೊಳ್ಳೇಗಾಲದ ಕಡೆಯ ಬಸ್ಸಿನಲ್ಲಿ ವಿಚಾರಿಸಿಕೊಂಡು ಹೋಗಬೇಕು.

ಶಿವನಸಮುದ್ರದಲ್ಲಿ ಕಾವೇರಿಯು ಎರಡಾಗಿ ಒಡೆದು, ಪಡುವಣ ಕವಲು ಗಗನಚುಕ್ಕಿಯಾಗಿಯೂ ಮೂಡಣ ಕವಲು ಭರಚುಕ್ಕಿಯಾಗಿಯೂ ಧುಮ್ಮಿಕ್ಕುವುವು. ನಡುವಿನ ನೆಲದಲ್ಲಿ ಪವಡಿಸಿರುವ ರಂಗನಾಥನ ಗುಡಿ, ಸೋಮೇಶ್ವರನ ಗುಡಿ, ಗಗನಚುಕ್ಕಿಯ ಸಮೀಪದಲ್ಲಿ ಒಂದು ದರ್ಗಾ, ಹಳೆಯ ಕೋಟೆಯ ಕುರುಹುಗಳು, ಒಂದು ಊರು. 1830ರ ಸುಮಾರಿನಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಕಲ್ಲುಕಂಬಗಳ ಸೇತುವೆಯು ಇಲ್ಲಿಯದೇ. ವೆಸ್ಲಿ ಸೇತುವೆಯೆಂದು ಜನರು ಕರೆಯುವ ಅದರ ಒಂದು ಭಾಗವು 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಗುಡಿಗಳನ್ನು ನೋಡದೆ ಜಲಪಾತವೊಂದನ್ನೇ ನೋಡಿಕೊಂಡು ಓಡುವವರೇ ಹೆಚ್ಚು. ಅರ್ಧ ದಿನವನ್ನು ಆ ಊರಿನಲ್ಲಿ ನಡೆದಾಡಿಯೇ ಕಳೆದರೆ ನೋಡಿದ್ದು ಮನಸ್ಸಿನಲ್ಲಿ ನಿಲ್ಲುವುದು.

ನೀರು ತುಂಬಿ ಬೀಳುವುದು ಆಷಾಢದಿಂದ ಆಶ್ವಯುಜದವರೆಗೆ. ಬೇಸಗೆಯಲ್ಲಿ ಹೋಗಿ, ಬರಿಯ ಬಂಡೆಗಳನ್ನು ಕಂಡು, ಮೋಸವಾಯಿತೆಂದು ಹಿಂದಿರುಗಿದವರು ಉಂಟು. ಮೋಸವೇನೂ ಇಲ್ಲ, ನೀರು ಬೇರೆ ಕೆಲಸಕ್ಕೆ ಹೋಗಿರುವುದು, ಅಷ್ಟೆ. ಇಲ್ಲಿಯ ನೀರಿನ ಬಲದಿಂದ ವಿದ್ಯುಚ್ಛಕ್ತಿಯನ್ನು ಹುಟ್ಟಿಸಿ, 1902ರ ಜೂನ್ ತಿಂಗಳ ಕೊನೆಯಲ್ಲಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕಳುಹಿಸಿದರು. ಈ ಕೆಲಸವನ್ನು ಹೂಡಿದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು ಅದರ ಫಲವನ್ನು ಕಾಣದೆ 1901ರಲ್ಲಿ ತೀರಿಕೊಂಡರು. ಬೆಂಗಳೂರಿನ ಬೀದಿಗಳಿಗೆ ದೀಪವು ಬಂದದ್ದು 1905ರಲ್ಲಿ. ಆ ಪಟ್ಟಣದವರ ಕೊಳಾಯಿಯ ಕಾವೇರಿ ನೀರನ್ನು ಎತ್ತುವುದೂ ಇಲ್ಲಿಯೇ, ಜಲಪಾತಕ್ಕೆ ಸ್ವಲ್ಪ ಮೇಲುಗಡೆ; ಅದನ್ನು ಶುದ್ಧಿಮಾಡಿ ಮೇಲಕ್ಕೆ ನೂಕುವ ತೊರೆಕಾಡನಹಳ್ಳಿಯು ಮಳವಳ್ಳಿ ತಾಲ್ಲೂಕಿಗೆ ಸೇರಿದುದು. 2024ರಲ್ಲಿ ಅದರ ಐದನೆಯ ಹಂತವೂ ಆರಂಭವಾಯಿತು. ಬೆಂಗಳೂರಿನಿಂದ ಬರುವ ಯಾತ್ರಿಕರು ತಮ್ಮ ಮನೆಯ ಬಾವಿಯ ಕಟ್ಟೆಗೇ ಬಂದಿದ್ದೇವೆಂದು ತಿಳಿದುಕೊಳ್ಳಬಹುದು.

ನಾವು ಹೋದ ವರ್ಷ ಶ್ರಾವಣದಲ್ಲಿ ಮನೆಮಂದಿಯೊಡನೆ ಭರಚುಕ್ಕಿಗೆ ಹೋಗಿದ್ದಾಗ ನಡೆದುದನ್ನು ಇಲ್ಲಿ ಹೇಳಲೇಬೇಕು. ಹೇಳುವುದಕ್ಕೆ ನಾಚಿಕೆಯಾದರೂ ಹೇಳಬೇಕು. ಬುತ್ತಿಯನ್ನೆಲ್ಲ ಡಬ್ಬಿಗಳಲ್ಲಿ ತುಂಬಿ, ಮುತ್ತುಗದ ಎಲೆಗಳನ್ನು ಕಟ್ಟಿಕೊಂಡು, ತಾಮ್ರದ ಕೂಜದಲ್ಲಿ ನೀರನ್ನು ಹೊತ್ತು ಬಹಳ ಹೆಮ್ಮೆಯಿಂದ ಹೊರಟಿದ್ದೆವು. ದಾರಿಯಲ್ಲಿ ನಮ್ಮ ತಂಗಿಯ ಮಗ ಹಠ ಮಾಡಿದನೆಂದು ಹುರಿದ ಆಲೂಗೆಡ್ಡೆಯ ಪೊಟ್ಟಣವೊಂದನ್ನು ಕೊಡಿಸಿದೆವು. ಜಲಪಾತದ ಮುಂದೆ ಗಾಳಿಯು ಬೀಸಿತು; ಹುಡುಗನ ಕೈಯಿಂದ ಹಾರಿದ ಖಾಲಿ ಪೊಟ್ಟಣವು ಬಂಡೆಯಿಂದ ಬಂಡೆಗೆ ಮಿಂಚುತ್ತಾ ಹೋಗಿ ನೀರಿಗೆ ಬಿದ್ದಿತು. “ಹೋಗಲಿ ಬಿಡು” ಎಂದವರು ನಾವೇ. ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತಿ ನೋಡಿದಳು.

“ನೀವು ಸಂಜೀಕ್ ಹೊಂಟೋಯ್ತೀರಿ ಸ್ವಾಮಿ. ನಮ್ ದನ ನಾಳೀಕೂ ಅಲ್ಲೇ ನೀರ್ ಕುಡೀಬೇಕಲ್ಲ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಮಗೆ ಉತ್ತರವು ತೋಚದೆ, “ತಪ್ಪಾಯ್ತು ಕಣವ್ವ” ಎಂದೆವು. ಅವಳು ಸೌತೆಕಾಯಿಯನ್ನು ಸೀಳಿ ಉಪ್ಪುಖಾರವನ್ನು ಸವರಿ ಹುಡುಗನ ಕೈಗೆ ಕೊಟ್ಟಳು. ಕಾಸು ತೆಗೆದುಕೊಳ್ಳಲು ನಾವೇ ಬಲವಂತಪಡಿಸಬೇಕಾಯಿತು. ಆ ಪೊಟ್ಟಣವು ಎಲ್ಲಿಗೆ ಹೋಗಿರಬಹುದೆಂದು ರಾತ್ರಿ ಮನೆಯಲ್ಲಿ ಭೂಪಟವನ್ನು ಬಿಚ್ಚಿ ನೋಡಿದೆವು. ಕೆಳಗೆ ಮುತ್ತತ್ತಿಯ ಕಾಡು. ಅಲ್ಲಿಯ ಮಡುವುಗಳಲ್ಲಿ ಬಿಳಿಮೀನು ಎಂದು ಹೆಸರಾದ ಮಹಸೀರ್ ಇರುವುದು. ಅದರ ಕಾವೇರಿಯ ತಳಿಯು ಅಳಿವಿನ ಅಂಚಿಗೆ ಬಂದಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿದರು. ಅದಕ್ಕೂ ಕೆಳಗೆ ಹೊಗೇನಕಲ್ಲು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಜನರು ಕುಡಿಯುವ ನೀರನ್ನು ಅಲ್ಲಿ ಎತ್ತುವರು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಈ ಬಂಡೆಗಳು ಪಾಚಿಗಟ್ಟಿ ಜಾರುವುವು. ಮೇಲಿನ ಅಣೆಕಟ್ಟಿನಿಂದ ನೀರನ್ನು ಬಿಟ್ಟರೆ ಹೊಳೆಯು ನೋಡುನೋಡುತ್ತಿದ್ದಂತೆ ಏರುವುದು. ಇಲ್ಲಿ ಪ್ರಾಣವನ್ನು ಕಳೆದುಕೊಂಡವರು ಒಬ್ಬಿಬ್ಬರಲ್ಲ. ಗಗನಚುಕ್ಕಿಯನ್ನು ಮಳವಳ್ಳಿಯ ಕಡೆಯ ನೋಟದ ಕಟ್ಟೆಯಿಂದಲೇ ನೋಡತಕ್ಕದ್ದು. ಚಿತ್ರ ತೆಗೆಯುವ ಆಸೆಯಿಂದ ಬೇಲಿಯನ್ನು ದಾಟುವ ಯುವಕರನ್ನು ಮನೆಯ ಹಿರಿಯರು ಗದರಿಸಿಯಾದರೂ ಹಿಂದಕ್ಕೆ ಕರೆಯಬೇಕು. ಹರಿಗೋಲನ್ನು ನಿಲ್ಲಿಸಿದ ದಿನ ಅಂಬಿಗನನ್ನು ಹಣದ ಆಸೆ ತೋರಿಸಿ ಪೀಡಿಸಬಾರದು.

ಮಳೆಗಾಲದಲ್ಲಿ ಬರಲಾಗದವರು ಜನವರಿಯಿಂದ ಮೇ ತಿಂಗಳೊಳಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಲಿ. ಶಿಂಷಾ ನದಿಯ ಹತ್ತಿರದ ಈ ಹಳ್ಳಿಯು ನಡುಗಡ್ಡೆಯಲ್ಲ. ಆದರೆ ಅತಿಥಿಗಳು ಹೇಗಿರಬೇಕು, ಮನೆಯವರು ಹೇಗಿರಬೇಕು ಎಂಬುದಕ್ಕೆ ಇಂತಹ ಊರು ಇನ್ನೊಂದು ಸಿಕ್ಕುವುದು ಕಷ್ಟ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಿಸೆಮರಗಳಲ್ಲಿಯೇ ಗೂಡು ಕಟ್ಟುವುವು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಅವುಗಳನ್ನು ಭಾವಿಸುವರು. ಹುಣಿಸೆಯ ಫಸಲು ಹಾಳಾದರೂ ಓಡಿಸುವುದಿಲ್ಲ. ಹಕ್ಕಿಗಳೂ ಬಿಟ್ಟಿಯಾಗಿ ಇರುವುದಿಲ್ಲವೆನ್ನಿ. ಅವುಗಳ ಹಿಕ್ಕೆಯು ಹೊಲಗಳಿಗೆ ಒಳ್ಳೆಯ ಗೊಬ್ಬರ. 2007ರಲ್ಲಿ ಸರಕಾರವು ಇದನ್ನು ಸಮುದಾಯದ ರಕ್ಷಿತ ಪ್ರದೇಶವೆಂದು ಸಾರಿತು. 2017ರ ಕೊನೆಯಲ್ಲಿ ಜಂತುಹುಳುಗಳ ಬಾಧೆಯಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದಾಗ ಊರಿಗೆ ಊರೇ ಮರುಗಿತು. ಅಲ್ಲಿಗೆ ಹೋದವರು ಮರದ ಕೆಳಗೆ ಗಟ್ಟಿಯಾಗಿ ಕೂಗಬಾರದು, ಕಲ್ಲೆಸೆಯಬಾರದು. ತಲೆಗೆ ವಸ್ತ್ರವೊಂದನ್ನು ಸುತ್ತಿಕೊಂಡಿರುವುದು ಕ್ಷೇಮ. ನಾವು ಮರೆತು ಅನುಭವಿಸಿದ್ದೇವೆ.

ಜಲಪಾತವನ್ನೂ ಹಕ್ಕಿಗಳನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬೇಕೆಂಬ ಆತುರವು ಬೇಡ. ಎರಡಕ್ಕೂ ಕಾಲವು ಬೇರೆಬೇರೆ. ಎರಡು ಸಲ ಹೋದರೆ ನಷ್ಟವಿಲ್ಲ.

ಕಾಗದ ಬರೆದ ಸೋದರಿಯವರಿಗೆ: ಬುತ್ತಿಗೆ ಹುಳಿಯನ್ನ, ಮೊಸರನ್ನ, ರಾಗಿ ರೊಟ್ಟಿಯೊಡನೆ ಹುಚ್ಚೆಳ್ಳಿನ ಚಟ್ನಿಪುಡಿ ಸಾಕು. ಆರು ಜನಕ್ಕೆ ಹನ್ನೆರಡು ಮುತ್ತುಗದ ಎಲೆ, ಎರಡು ಕೂಜ ನೀರು, ಕೈ ಒರಸಲು ಹಳೆಯ ಪಂಚೆಯ ತುಂಡುಗಳು. ಇವುಗಳ ಜೊತೆಗೆ ಬಟ್ಟೆಯ ಖಾಲಿ ಚೀಲವೊಂದನ್ನು ಮರೆಯದೆ ಇಡಿರಿ. ಅದು ಹೋಗುವಾಗ ಖಾಲಿಯಾಗಿರಬೇಕು, ಬರುವಾಗ ತುಂಬಿರಬೇಕು. ಮುತ್ತುಗದ ಎಲೆಯನ್ನು ಮನೆಯಲ್ಲಿಯೇ ಹಚ್ಚುವ ಕ್ರಮವನ್ನು ಕೇಳಿದ್ದೀರಿ. ಅದನ್ನು ಬರುವ ತಿಂಗಳು ಬರೆಯುವೆವು.