ಬೊಂಬೆ ಅಂಗಡಿಗೆ ಮೊಬೈಲೇ ಹೆದ್ದಾರಿ

ಚನ್ನಪಟ್ಟಣದ ಹಳೇ ಹೆದ್ದಾರಿಯ ಬೊಂಬೆ ಅಂಗಡಿಗಳ ಮುಂದೆ ರಜೆ ಬಂತೆಂದರೆ ಕಾರು ನಿಲ್ಲಿಸಲು ಜಾಗವಿರುತ್ತಿರಲಿಲ್ಲ. ಮೈಸೂರಿಗೆ ಹೊರಟವರು ಇಳಿದು, ಕಾಫಿ ಕುಡಿದು, ಮಗುವಿಗೊಂದು ಬುಗುರಿಯನ್ನೋ ಮರದ ಕುದುರೆಯನ್ನೋ ಕೊಂಡು ಹೋಗುವುದು ವಾಡಿಕೆಯಾಗಿತ್ತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್ ವೇ ಉದ್ಘಾಟನೆಯಾದ ಮೇಲೆ ಆ ಕಾರುಗಳು ಊರಾಚೆಯಿಂದಲೇ ಭರ್ರನೆ ಹೋಗುತ್ತಿವೆ. ಬಸ್ಸಿನ ಜನ ಈಗಲೂ ಊರೊಳಗೆ ಇಳಿಯುತ್ತಾರೆ, ನಿಜ. ಆದರೆ ಚೀಲ ಹಿಡಿದು ಸೀಟಿಗೆ ಓಡುವವರಿಗೆ ಬೊಂಬೆ ನೋಡಲು ಪುರುಸೊತ್ತೆಲ್ಲಿ?

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎಂದರೆ ಹುಡುಗರ ಕಾಲಹರಣ ಎಂದು ಮೂಗು ಮುರಿಯುವ ಹಿರಿಯ ಅಂಗಡಿಯವರು ಈಗ ಸ್ವಲ್ಪ ಯೋಚಿಸಬೇಕಾಗಿದೆ. ಗಿರಾಕಿ ಎಲ್ಲೂ ಕಳೆದುಹೋಗಿಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮೊಬೈಲು ನೋಡುತ್ತಾ ಕೂತಿದ್ದಾನೆ.

ಅವನಿಗೆ ತೋರಿಸುವುದೇನು ಎಂಬುದೇ ಪ್ರಶ್ನೆ. ಬೊಂಬೆಗಳನ್ನು ಸಾಲಾಗಿ ಜೋಡಿಸಿ ಒಂದು ಫೋಟೋ ಹೊಡೆದು ಹಾಕಿದರೆ ಆಗಲಿಲ್ಲ. ಪಕ್ಕದಲ್ಲಿ ಪ್ಲಾಸ್ಟಿಕ್ ಆಟಿಕೆ ಇಟ್ಟರೆ ಅದೂ ಹೊಳೆಯುತ್ತೆ, ಅಗ್ಗವೂ ಹೌದು. ತೋರಿಸಬೇಕಾದದ್ದು ಕೆಲಸವನ್ನು. ಲೇತಿಗೆ ಕಟ್ಟಿದ ಆಲೆ ಮರದ ತುಂಡು ಉಳಿಗೆ ಸಿಕ್ಕಿ ದುಂಡಗಾಗುವುದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅದು ಕರಗಿ ಮೆತ್ತಿಕೊಳ್ಳುವುದು, ಆಮೇಲೆ ಗರಿಯಿಂದ ತಿಕ್ಕಿ ಮೆರುಗು ಬರಿಸುವುದು, ಇದಕ್ಕೆಲ್ಲ ಅರ್ಧ ನಿಮಿಷದ ವಿಡಿಯೋ ಸಾಕು. ಯಾವ ಬಣ್ಣ ಬಳಸಿದ್ದಾರೆಂದೂ ಹೇಳಿಬಿಡಬೇಕು. ಕೂಸು ಬೊಂಬೆಯನ್ನು ಬಾಯಿಗಿಡುತ್ತೆ. ನೈಸರ್ಗಿಕವಲ್ಲದ್ದನ್ನು ನೈಸರ್ಗಿಕ ಅಂತ ಮಾರಿದರೆ ಆ ತಾಯಿ ಮತ್ತೆ ಬರುವುದಿಲ್ಲ.

ಇಷ್ಟಾದರೂ ದುಡ್ಡು ಯಾರಿಗೆ ಹೋಗುತ್ತೆ ಎನ್ನುವುದು ಮುಖ್ಯ. ಲೇತಿನ ಮುಂದೆ ಧೂಳು ಕುಡಿಯುವವರು ಇಲ್ಲಿ, ಪೇಜು ನಡೆಸುವವರು ಇನ್ನೆಲ್ಲೋ ಎಂದಾದರೆ ಸಾವಿರ ಲೈಕು ಬಂದರೂ ಕೆಲಸಗಾರನಿಗೆ ಅದೇ ಕೂಲಿ. 2005-06ರಲ್ಲಿ ಸಿಕ್ಕ ಜಿ.ಐ. ಮಾನ್ಯತೆಯಿಂದ ಊರಿನ ಹೆಸರಿಗೇನೋ ರಕ್ಷಣೆ ಬಂತು. ಬೊಂಬೆ ಮಾಡಿದವರ ಹೆಸರು, ಫೋನ್ ನಂಬರು ವಿಡಿಯೋದಲ್ಲಿ ಇರಬೇಡವೇ?

ಒಂದೇ ಆ್ಯಪನ್ನು ನಂಬಿ ಕೂರುವುದೂ ಅಪಾಯ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನೆಚ್ಚಿದ್ದವರ ಪಾಡೇನಾಯಿತು? ವಿಚಾರಿಸಿದ ಪ್ರತಿ ಗಿರಾಕಿಯ ನಂಬರು ಅಂಗಡಿಯ ಸ್ವಂತ ಪುಸ್ತಕದಲ್ಲೂ ಬರೆದಿರಬೇಕು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಬೆಲೆಸಮೇತ ಮಾಲಿನ ಪಟ್ಟಿ ಹಾಕಲು ಕಾಸು ಕೊಡಬೇಕಿಲ್ಲ. ಅದು ಬಿಟ್ಟು ‘ಬೆಲೆಗೆ ಮೆಸೇಜ್ ಮಾಡಿ’ ಎಂದು ಸತಾಯಿಸುವುದು ಯಾವ ಸೀಮೆ ವ್ಯಾಪಾರವೋ!

ಕರಕುಶಲ ತರಬೇತಿ ಕೊಡುವವರು ಲೇತಿನ ಜತೆಗೆ ವಿಡಿಯೋ ತೆಗೆಯುವುದು, ಲೆಕ್ಕ ಇಡುವುದು, ಒಡೆಯದಂತೆ ಪಾರ್ಸೆಲ್ ಕಟ್ಟುವುದನ್ನೂ ಯಾಕೆ ಕಲಿಸಬಾರದು? ತರಗತಿ ಸಂಜೆ ಇಟ್ಟರೆ ಯಾರ ದಿನಗೂಲಿಯೂ ತಪ್ಪುವುದಿಲ್ಲ. ದಸರಾ ಬೊಂಬೆ ಕೂರಿಸುವ ಸೀಸನ್ನಿಗೆ ಮುಂಚೆಯೇ ಶುರುವಾಗಲಿ.