ಬಟ್ಟೆಯ ಪ್ಯಾಡು ಮತ್ತು ಬಿಸಿಲಿನ ಪ್ರಶ್ನೆ

ಋತುಸ್ರಾವದ ವಿಷಯವನ್ನು ಸ್ಮರಣ ಸಂಚಿಕೆಯ ಪುಟಗಳಲ್ಲಿ ಎತ್ತುವುದೇ ಅನುಚಿತವೆಂದು ಭಾವಿಸುವ ಸಜ್ಜನರು ಮುಂಬಯಿ ಕನ್ನಡಿಗರಲ್ಲಿ ಇನ್ನೂ ಇದ್ದಾರೆ. ಈ ಸಂಕೋಚದ ಬೆಲೆಯನ್ನು ತೆರುವವರು ಧಾರಾವಿಯಂಥ ಬಡಾವಣೆಗಳಲ್ಲಿ ತಿಂಗಳ ಆ ದಿನಗಳಂದು ಶಾಲೆಗೆ ಹೋಗಲು ಅಂಜುವ ಬಾಲಕಿಯರು.

ತೊಳೆದು ಮತ್ತೆ ಬಳಸಬಹುದಾದ ಬಟ್ಟೆಯ ಪ್ಯಾಡುಗಳನ್ನು ಹೊಲಿಯಲು ಸ್ತ್ರೀಯರಿಗೆ ಕಲಿಸಿ, ಅವನ್ನು ವಿದ್ಯಾರ್ಥಿನಿಯರಿಗೆ ಒದಗಿಸುವ ಪ್ರಯತ್ನಗಳು ದೇಶದ ಹಲವೆಡೆ ನಡೆದಿವೆ. ಪುದುಚೇರಿಯ ಬಳಿಯ ಆರೋವಿಲ್‌ನಲ್ಲಿ 2010ರಲ್ಲಿ ಆರಂಭವಾದ ಇಕೋ ಫೆಮ್ ಸಂಸ್ಥೆಯು ಹಳ್ಳಿಯ ಸ್ತ್ರೀಯರಿಂದ ಪ್ಯಾಡು ಹೊಲಿಸಿ, ಮಾರಾಟದ ಆಧಾರದ ಮೇಲೆ ಬಾಲಕಿಯರಿಗೆ ಉಚಿತವಾಗಿಯೂ ಕೊಡುತ್ತ ಬಂದಿದೆ. ಧಾರಾವಿಯಲ್ಲಿ ಹೊಲಿಗೆ ಹೊಸ ವಿದ್ಯೆಯಲ್ಲ. ಸಿದ್ಧ ಉಡುಪುಗಳಿಗೆ ಗುಂಡಿ ಹಾಕುವ, ದಾರ ಕತ್ತರಿಸುವ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡುವ ಸ್ತ್ರೀಯರು ಅಲ್ಲಿ ಬಹಳ ಮಂದಿ. ಅವರು ಕಲಿಯಬೇಕಾದುದು ಪದರಗಳ ವಿಚಾರ: ಮೈಗೆ ತಾಗುವ ಕಡೆ ಮೃದುವಾದ ಹತ್ತಿ, ನಡುವೆ ಹೀರುವ ಫ್ಲಾನೆಲ್, ಅಡಿಯಲ್ಲಿ ಸೋರದ ಬಟ್ಟೆ, ಇಕ್ಕೆಲದ ರೆಕ್ಕೆಗಳಿಗೆ ಟಿಚ್ ಬಟನ್. ಕತ್ತರಿಸುವ ಮುನ್ನ ಬಟ್ಟೆಯನ್ನು ತೊಳೆದಿರದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗುತ್ತದೆ.

ಲೆಕ್ಕವನ್ನೂ ನೋಡಬೇಕು. ಬಳಸಿ ಎಸೆಯುವ ಪ್ಯಾಡು ಒಂದಕ್ಕೆ 6 ರೂಪಾಯಿ, ತಿಂಗಳಿಗೆ 12 ಎಂದು ಹಿಡಿದರೆ ಒಬ್ಬಳಿಗೆ ವರ್ಷಕ್ಕೆ 864 ರೂಪಾಯಿ. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ 2,592. ಶೇಕಡಾ 12ರ ಜಿ.ಎಸ್.ಟಿ. 2018ರ ಜುಲೈಯಲ್ಲಿ ರದ್ದಾದರೂ ಇದು ಕೂಲಿಯ ಸಂಸಾರಕ್ಕೆ ಹಗುರವಲ್ಲ. ಚೆನ್ನಾಗಿ ಹೊಲಿದ ಐದಾರು ಬಟ್ಟೆಯ ಪ್ಯಾಡುಗಳಾದರೋ ಎರಡು ಮೂರು ವರ್ಷ ಬಾಳುತ್ತವೆ. ಆದರೆ ಉಳಿತಾಯವನ್ನು ತೋರಿಸುವ ಭರದಲ್ಲಿ, ಹೊಲಿಯುವವಳ ಕೂಲಿಯ ಎದುರು 'ಸೇವೆ' ಎಂದು ಸೊನ್ನೆ ಬರೆಯುವುದು ಸುಳ್ಳು ಜಮಾಖರ್ಚು.

ಎಲ್ಲಕ್ಕೂ ಕಠಿಣವಾದುದು ಒಣಗಿಸುವ ಪ್ರಶ್ನೆ. ಊರಿನ ಅಜ್ಜಿಯಂದಿರಿಗೆ ಹಿತ್ತಿಲಾದರೂ ಇತ್ತು (ಅಲ್ಲಿಯೂ ಸೀರೆಯ ಮರೆಯಲ್ಲೇ ಒಣಹಾಕುತ್ತಿದ್ದರೆಂಬುದು ಬೇರೆ ಮಾತು). ಧಾರಾವಿಯಲ್ಲಿರುವುದು ಹತ್ತಡಿಯ ಕೋಣೆ, ಅದರ ಮೇಲೆ ಇನ್ನೊಂದು ಕೋಣೆ, ಗಂಟೆಯ ಲೆಕ್ಕದಲ್ಲಿ ಬರುವ ನೀರು, ಸಾರ್ವಜನಿಕ ಶೌಚಾಲಯ. ಗಲ್ಲಿಯ ತಳಕ್ಕೆ ಬಿಸಿಲು ಇಳಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ದುರ್ಲಭ. ತಣ್ಣೀರಿನಲ್ಲಿ ನೆನೆಸಿ, ಸೋಪಿನಿಂದ ಒಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಬಟ್ಟೆ ಆರೋಗ್ಯಕ್ಕೆ ಬಾಧಕವಲ್ಲ. ಹಾಸಿಗೆಯ ಕೆಳಗೆ ಅಡಗಿಸಿಟ್ಟ ಅರೆಒದ್ದೆಯ ಬಟ್ಟೆ ತುರಿಕೆಗೂ ಸೋಂಕಿಗೂ ದಾರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವಯಸ್ಸಿನ ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿ ಬಟ್ಟೆಯನ್ನು ಬಳಸುವುದಾಗಿ ಹೇಳಿದ್ದಾರೆ. ಇದು ಅಲ್ಪಸಂಖ್ಯಾತರ ಸಮಸ್ಯೆಯಲ್ಲ.

ಆದುದರಿಂದ ಹೊಲಿಗೆಯ ಪಾಠವೂ ಸ್ಥಳಕ್ಕೆ ತಕ್ಕಂತೆ ಬದಲಾಗಬೇಕು. ಒಂದೇ ದಪ್ಪನೆಯ ಪ್ಯಾಡಿಗಿಂತ, ಬಿಚ್ಚಿ ಹರಡಬಹುದಾದ ಮಡಿಕೆಯ ಬಟ್ಟೆ ಬೇಗ ಒಣಗುತ್ತದೆ. ಒಣಹಾಕಲು ಎಡೆಯೇ ಇಲ್ಲದ ಹುಡುಗಿಗೆ ಎಸೆಯುವ ಪ್ಯಾಡನ್ನೇ ಕೊಡುವುದು ಲೇಸು. ಪರಿಸರದ ಉಪದೇಶವನ್ನು ಅವಳಿಂದ ಆರಂಭಿಸಬೇಕಾಗಿಲ್ಲ.

ಪ್ರತಿವರ್ಷ ಪುಸ್ತಕ, ಸಮವಸ್ತ್ರಗಳನ್ನು ಹಂಚುವ ಕನ್ನಡ ಸಂಘಗಳು ಈ ಹೊಲಿಗೆಗೆ ಕೂಲಿ ಗೊತ್ತುಮಾಡಿ ಆರ್ಡರು ಕೊಡಲಿ. ಜೊತೆಗೆ ಶಾಲೆಯ ಅಥವಾ ಬಾಲವಾಡಿಯ ಮಾಳಿಗೆಯ ಒಂದು ಮೂಲೆಯನ್ನೂ ಕೇಳಿ ಪಡೆಯಲಿ. ಒಂದು ನಲ್ಲಿ, ನಾಲ್ಕು ಹಗ್ಗ, ಸುತ್ತ ತಗಡಿನ ಮರೆ: ಇಷ್ಟಕ್ಕೆ ತಗಲುವ ವೆಚ್ಚ ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಯನ್ನು ಮೀರಲಾರದು.