ಆಟದ ಹೊಲ, ನಮ್ಮ ಹೊಲ



ವಿಡಿಯೋ ಗೇಮ್ ಅಂದರೆ ಬರೀ ಹೊಡೆದಾಟ ಎಂದು ದೊಡ್ಡವರು ಬೈಯುತ್ತಾರೆ. ಎಲ್ಲಾ ಆಟವೂ ಹಾಗಲ್ಲ ಎಂಬುದು ನನ್ನ ಅಭಿಪ್ರಾಯ.

ದಸರಾ ರಜೆಗೆ ಬಂದ ನಮ್ಮ ಮಾವನ ಮಗನ ಹತ್ತಿರ ನಿಂಟೆಂಡೊ ಸ್ವಿಚ್ ಇತ್ತು. ಅದು ಕೈಯಲ್ಲೇ ಹಿಡಿದು ಆಡುವ ಯಂತ್ರ. ಅದರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟ ಆಡಿದೆ. ಇದು ದೊಡ್ಡ ಕಂಪನಿ ಮಾಡಿದ್ದಲ್ಲ. ಅಮೆರಿಕದ ಎರಿಕ್ ಬರೋನ್ ಎಂಬುವರು ನಾಲ್ಕು ವರ್ಷಕ್ಕೂ ಹೆಚ್ಚು ದುಡಿದು ಚಿತ್ರ, ಸಂಗೀತ, ಕತೆ ಎಲ್ಲಾ ಒಬ್ಬರೇ ಮಾಡಿ 2016ರಲ್ಲಿ ಹೊರತಂದರು.

ಇದರಲ್ಲಿ ನೆಲ ಅಗೆದು, ಬೀಜ ಹಾಕಿ, ದಿನಾ ನೀರು ಹಾಕಬೇಕು. ಮಳೆ ಬಂದ ದಿನ ಬೇಡ. ಬೆದರುಬೊಂಬೆ ಇಡದಿದ್ದರೆ ಕಾಗೆ ಬೆಳೆ ತಿನ್ನುತ್ತದೆ. 28 ದಿನಕ್ಕೆ ಕಾಲ ಬದಲಾಗಿ, ಹೆಚ್ಚಿನ ಬೆಳೆ ಒಣಗುತ್ತದೆ. ಇದೆಲ್ಲಾ ಚೆನ್ನಾಗಿದೆ. ಆದರೆ ಆ ಪುಟ್ಟ ಪರದೆಯಲ್ಲಿ ಅಕ್ಷರ ಬಹಳ ಸಣ್ಣದು, ಕನ್ನಡವೂ ಇಲ್ಲ.

ಇನ್ನೊಂದು ಕೊರತೆ ದೊಡ್ಡದು. ಅಲ್ಲಿ ಬೆಳೆದದ್ದನ್ನು ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಿಗ್ಗೆ ದುಡ್ಡು ಬಂದಿರುತ್ತದೆ. ಎಷ್ಟು ತುಂಬಿದರೂ ಬೆಲೆ ಇಳಿಯಲ್ಲ. ಹೋದ ಸಲ ನಮ್ಮಪ್ಪ ಟೊಮೇಟೊ ಮಂಡಿಗೆ ಒಯ್ದಾಗ ಗಾಡಿ ಬಾಡಿಗೆಯೂ ಹುಟ್ಟಲಿಲ್ಲ. ಬರೀ ಆಟ ನೋಡಿದ ಪೇಟೆಯ ಮಕ್ಕಳು ಬೇಸಾಯ ಸುಲಭ ಅಂದ್ಕೊಂಡಾರು.

ಆದ್ದರಿಂದ ಹತ್ತಕ್ಕೆ ಏಳು ಅಂಕ ಕೊಡುತ್ತೇನೆ. ಮಂಡಿಯನ್ನೂ ಸೇರಿಸಿದ ದಿನ ಉಳಿದ ಮೂರು.